ನೆಟ್ ಎಲ್ಲಿ ನಿಂತಿದೆ? ಫೋನಿನಿಂದ ರೂಟರ್ ದಾಟಿ ಹೊರಗಿನವರೆಗೆ, ಒಂದೊಂದೇ ಪದ

"ನೆಟ್ ಬರ್ತಿಲ್ಲ" ಅನ್ನುವ ಎರಡೇ ಪದಗಳ ಹಿಂದೆ ಕಡಿಮೆ ಅಂದರೂ ಐದು ಬೇರೆ ಬೇರೆ ತೊಂದರೆಗಳು ಇರಬಹುದು. ಫೋನಿಗೂ ರೂಟರ್‌ಗೂ ನಡುವೆ ಸಿಗ್ನಲ್ ಸಾಲದೆ ಇರಬಹುದು. ಸಿಗ್ನಲ್ ಚೆನ್ನಾಗಿದ್ದರೂ ರೂಟರ್ ನಿಮ್ಮ ಫೋನಿಗೆ ವಿಳಾಸ ಕೊಟ್ಟಿರಲಿಕ್ಕಿಲ್ಲ. ವಿಳಾಸ ಸಿಕ್ಕಿದ್ದರೂ ಹೊರಗಿನಿಂದ ಬರುವ ಲೈನ್ ಕಡಿದಿರಬಹುದು. ಲೈನ್ ಸರಿಯಿದ್ದರೂ ಸೈಟಿನ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಸರ್ವರ್ ಉತ್ತರ ಕೊಡದೆ ಇರಬಹುದು. ಇದೆಲ್ಲ ಸರಿಯಿದ್ದು, ನೀವು ತೆರೆಯಲು ಹೊರಟ ಸೈಟೇ ಕೆಟ್ಟು ಕೂತಿರಬಹುದು.

ಈ ಐದನ್ನೂ ಒಂದೇ ಮಾತಿನಲ್ಲಿ ಹೇಳಿದರೆ, ಕಸ್ಟಮರ್ ಕೇರ್‌ನವರು "ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ. ಅವರಾದರೂ ಇನ್ನೇನು ಹೇಳಬೇಕು? ತೊಂದರೆ ಎಲ್ಲಿದೆ ಅಂತ ನಾವು ಹೇಳಿಲ್ಲವಲ್ಲ.

ಅದನ್ನು ಹೇಳಲು ಬೇಕಾಗುವುದು ಹತ್ತಿಪ್ಪತ್ತು ಪದಗಳು ಅಷ್ಟೇ. ಎಸ್‌ಎಸ್‌ಐಡಿ, ಐಪಿ, ಡಿಎಚ್‌ಸಿಪಿ, ಡಿಎನ್‌ಎಸ್ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ನಾಳೆಗೇ ಮರೆತುಹೋಗುತ್ತದೆ. ಬದಲಿಗೆ ನಿಮ್ಮ ಫೋನಿನಿಂದ ಹೊರಟು ಹೊರಗಿನ ಲೈನ್‌ವರೆಗೆ ಡೇಟಾ ಹೋಗುವ ದಾರಿಯಲ್ಲೇ ಒಂದು ಸಲ ಹೋಗಿಬನ್ನಿ. ದಾರಿಯಲ್ಲಿ ಸಿಕ್ಕ ಪದವನ್ನು ಅದು ಇರುವ ಜಾಗದಲ್ಲೇ ನೋಡಿ. ಆಮೇಲೆ ಮರೆಯುವುದಿಲ್ಲ. ಫೋನ್ ಕೈಯಲ್ಲಿ ಹಿಡಿದು ರೂಟರ್ ಪಕ್ಕ ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಪೆಟ್ಟಿಗೆಯನ್ನು ತಿರುಗಿಸಿ ನೋಡಿ

ನಾವೆಲ್ಲ ರೂಟರ್ ಅನ್ನುವ ಆ ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಯಂತ್ರಗಳು ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ಹೊರಗಿನ ಲೈನ್‌ನಲ್ಲಿ ಬರುವ ಸಿಗ್ನಲ್ಲನ್ನು ನಮ್ಮ ಕಂಪ್ಯೂಟರ್‌ಗೆ ಅರ್ಥವಾಗುವ ರೂಪಕ್ಕೆ ತರುವುದು ಮೋಡೆಮ್. ಫೈಬರ್ ಲೈನ್ ಆದರೆ ಆ ಕೆಲಸ ಒಎನ್‌ಟಿಯದು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಅದು ವಿದ್ಯುತ್ ಸಿಗ್ನಲ್ ಮಾಡಿ ಕೊಡುತ್ತದೆ. ಮನೆಯೊಳಗಿನ ನೆಟ್‌ವರ್ಕ್ ಮತ್ತು ಹೊರಗಿನ ನೆಟ್‌ವರ್ಕ್ ನಡುವೆ ಬಾಗಿಲಲ್ಲಿ ನಿಂತು, ಯಾವ ಡೇಟಾ ಯಾವ ಕಡೆ ಹೋಗಬೇಕು ಅಂತ ನೋಡುವುದು ನಿಜವಾದ ರೂಟರ್. ಕೇಬಲ್ ಚುಚ್ಚುವ ಪೋರ್ಟ್‌ಗಳನ್ನು ಒಂದಕ್ಕೊಂದು ಬೆಸೆಯುವುದು ಸ್ವಿಚ್. ವೈ-ಫೈ ಹೊರಡಿಸುವ ರೇಡಿಯೋ ಭಾಗಕ್ಕೆ ಆಕ್ಸೆಸ್ ಪಾಯಿಂಟ್ ಅಂತ ಹೆಸರು.

ಇದು ಸುಮ್ನೆ ತಿಳಿದಿರಲಿ ಅಂತ ಹೇಳಿದ್ದಲ್ಲ. ವೈ-ಫೈ ನಿಧಾನ ಅಂತ ಹೊಸ ರೂಟರ್ ತರುವವರು ಎಷ್ಟೋ ಜನ. ತೊಂದರೆ ಇದ್ದದ್ದು ಒಎನ್‌ಟಿಯಲ್ಲಿ ಆಗಿದ್ದರೆ ಆ ದುಡ್ಡು ದಂಡ.

ಹಿಂಭಾಗದಲ್ಲಿ ಒಂದು ಪೋರ್ಟ್ ಉಳಿದವುಗಳಿಂದ ಬೇರೆಯಾಗಿ, ಬೇರೆ ಬಣ್ಣದಲ್ಲಿ ಇರುವುದು ಜಾಸ್ತಿ. ಅದು ವ್ಯಾನ್ ಪೋರ್ಟ್, ಹೊರಗಿನ ಲೈನ್ ಬಂದು ಸೇರುವ ಜಾಗ. ಉಳಿದವು ಲ್ಯಾನ್ ಪೋರ್ಟ್‌ಗಳು, ಒಳಗಿನ ಕಂಪ್ಯೂಟರ್, ಟಿವಿಗಳಿಗೆ. ವ್ಯಾನ್ ಅಂದರೆ ಹೊರಗೆ, ಲ್ಯಾನ್ ಅಂದರೆ ಒಳಗೆ. ಇಷ್ಟು ಗೊತ್ತಿದ್ದರೆ ಮುಂದಿನ ಎಲ್ಲ ಸೆಟ್ಟಿಂಗ್‌ಗಳೂ ಅರ್ಧ ಅರ್ಥವಾದ ಹಾಗೆ.

ಫೈಬರ್ ಇದ್ದರೆ ಲೈಟುಗಳ ಸಾಲಿನಲ್ಲಿ ಎಲ್‌ಒಎಸ್ ಅಂತ ಬರೆದಿರುವುದನ್ನು ಈಗಲೇ ನೋಡಿಟ್ಟುಕೊಳ್ಳಿ. ಅದು ಕೆಂಪಾಗಿ ಹೊತ್ತಿದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ. ಆಗ ನೀವು ರೂಟರ್‌ನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ಫೈಬರ್ ಎಲ್ಲಾದರೂ ಮಡಚಿಕೊಂಡಿದೆಯಾ, ಮೇಜಿನ ಕಾಲಿನ ಕೆಳಗೆ ಸಿಕ್ಕಿದೆಯಾ ನೋಡಿ. ಬಿಗಿಯಾಗಿ ಬಾಗಿದರೆ ಸಾಕು, ಬೆಳಕು ಹೊರಗೆ ಸೋರಿಹೋಗುತ್ತದೆ. ಕಡಿದೇಹೋಗಿದ್ದರೆ ಲೈನ್‌ಮನ್ ಬರಲೇಬೇಕು.

ಹೆಜ್ಜೆ 2: ಫೋನಿನ ಪರದೆಯಲ್ಲಿರುವ ನಾಲ್ಕು ಸಾಲು ಓದಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು, ಈಗ ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗುರುತನ್ನು ಮುಟ್ಟಿ. ಕೆಳಗೆ ಸರಿಸುತ್ತಾ ಹೋದರೆ ಇಂಥ ಸಾಲುಗಳು ಸಿಗುತ್ತವೆ:

ಐಪಿ ವಿಳಾಸ: 192.168.1.23
ಸಬ್‌ನೆಟ್ ಮಾಸ್ಕ್: 255.255.255.0
ಗೇಟ್‌ವೇ: 192.168.1.1
ಡಿಎನ್‌ಎಸ್: 192.168.1.1

ನಿಮ್ಮಲ್ಲಿ ಅಂಕಿಗಳು ಬೇರೆ ಇರಬಹುದು. ಐಫೋನ್‌ನಲ್ಲಿ ಗೇಟ್‌ವೇ ಬದಲು ರೂಟರ್ ಅಂತಲೇ ಬರೆದಿರುತ್ತದೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಈ ನಾಲ್ಕು ಸಾಲು, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಐಪಿ ವಿಳಾಸ ಅಂದರೆ ಈ ನೆಟ್‌ವರ್ಕ್‌ನಲ್ಲಿ ನಿಮ್ಮ ಫೋನಿನ ನಂಬರ್. ಕಾಯಂ ಅಲ್ಲ, ಸದ್ಯಕ್ಕೆ ಕೊಟ್ಟದ್ದು. ಫೋನ್ ಬಂದು "ನನಗೊಂದು ವಿಳಾಸ ಕೊಡಿ" ಅಂತ ಕೂಗಿದಾಗ ರೂಟರ್ ತನ್ನ ಬಳಿ ಖಾಲಿ ಇರುವ ನಂಬರ್ ಒಂದನ್ನು ಕೊಡುತ್ತದೆ. ಈ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಕೊಟ್ಟ ನಂಬರ್‌ಗೆ ಒಂದು ಗಡುವು ಇರುತ್ತದೆ, ಅದಕ್ಕೆ ಲೀಸ್ ಅಂತಾರೆ. ಬಾಡಿಗೆ ಕರಾರಿನ ಹಾಗೆ: ಗಡುವು ಮುಗಿಯುವ ಮುಂಚೆ ಫೋನ್ ಬಂದು ಮುಂದುವರಿಸಿಕೊಳ್ಳಬೇಕು, ಇಲ್ಲದಿದ್ದರೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ.

ಈಗ ಒಂದು ಗುಟ್ಟು. ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ, ಆ ನಂಬರನ್ನು ರೂಟರ್ ಕೊಟ್ಟದ್ದಲ್ಲ. ಕೇಳಿ ಕೇಳಿ ಯಾರೂ ಉತ್ತರ ಕೊಡದಿದ್ದಾಗ ಸಾಧನ ತಾನೇ ಹಾಕಿಕೊಂಡ ನಂಬರ್ ಅದು. ಸಿಗ್ನಲ್ ಗೆರೆ ಪೂರ್ತಿ ತೋರಿಸುತ್ತಿದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಕೆಲವು ಫೋನ್‌ಗಳು ಹೀಗಾದಾಗ ಐಪಿ ವಿಳಾಸ ಪಡೆಯುತ್ತಿದ್ದೇನೆ ಅಂತ ಹೇಳುತ್ತಾ ಅಲ್ಲೇ ನಿಂತುಬಿಡುತ್ತವೆ. ತೊಂದರೆ ಇರುವುದು ಡಿಎಚ್‌ಸಿಪಿಯಲ್ಲಿ. ಆ ವೈ-ಫೈ ಹೆಸರನ್ನು ಫೋನಿನಿಂದ ಅಳಿಸಿ ಮತ್ತೆ ಸೇರಿಸಿ ನೋಡಿ. ಆಗಲೂ ಆಗದಿದ್ದರೆ ರೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಅಂದ ಹಾಗೆ, ಆಫ್ ಮಾಡಿ ಆನ್ ಮಾಡುವ ಸಲಹೆ ನಿಜಕ್ಕೂ ಕೆಲಸ ಮಾಡುವ ಜಾಗಗಳಲ್ಲಿ ಇದು ಒಂದು.

ಸಬ್‌ನೆಟ್ ಮಾಸ್ಕ್ ನೋಡಿ ಹೆದರಬೇಡಿ. 255.255.255.0 ಅಂದರೆ, ಮೊದಲ ಮೂರು ಅಂಕಿಗಳು ಒಂದೇ ಇರುವವರೆಲ್ಲ ನಮ್ಮ ಮನೆಯವರು, ಕೊನೆಯ ಅಂಕಿಯಷ್ಟೇ ಬೇರೆ ಅಂತ. 192.168.1.23 ಮತ್ತು 192.168.1.40 ಒಂದೇ ಮನೆಯವು, ನೇರವಾಗಿ ಮಾತಾಡುತ್ತವೆ. ಈ ಲೆಕ್ಕದಲ್ಲಿ ಒಂದು ಮನೆಯಲ್ಲಿ 254 ಸಾಧನಗಳಿಗೆ ಜಾಗವಿದೆ. ಪ್ರಿಂಟರ್ 192.168.0.40 ಅಂತಿದ್ದು ಫೋನ್ 192.168.1.23 ಅಂತಿದ್ದರೆ ಪ್ರಿಂಟ್ ಯಾಕೆ ಬರುತ್ತಿಲ್ಲ ಅಂತ ಈಗ ಗೊತ್ತಾಯಿತು, ಅಲ್ವಾ? ಒಂದರ ಹಿಂದೆ ಒಂದು ಎರಡು ರೂಟರ್ ಹಾಕಿಕೊಂಡಿರುವ ಕಡೆ ಹೀಗಾಗುವುದು ಜಾಸ್ತಿ.

ನಮ್ಮ ಮನೆಯವರಲ್ಲದ ಯಾರಿಗೇ ಆದರೂ ಡೇಟಾ ಕಳಿಸಬೇಕಾದರೆ ಅದನ್ನು ಒಪ್ಪಿಸುವ ಬಾಗಿಲು ಗೇಟ್‌ವೇ. ಅಂದರೆ ರೂಟರ್‌ನದೇ ವಿಳಾಸ.

ಡಿಎನ್‌ಎಸ್ ಅನ್ನುವುದು ಹೆಸರನ್ನು ನಂಬರ್‌ಗೆ ಬದಲಿಸಿಕೊಡುವ ವ್ಯವಸ್ಥೆ. ನೀವು ಸೈಟಿನ ಹೆಸರು ಬರೆಯುತ್ತೀರಿ, ಕಂಪ್ಯೂಟರ್‌ಗೆ ಬೇಕಾಗಿರುವುದು ನಂಬರ್. 1983ರಲ್ಲಿ ಡಿಎನ್‌ಎಸ್ ಬರುವ ಮುಂಚೆ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸ ಒಂದೇ ಒಂದು ಫೈಲಿನಲ್ಲಿ ಇರುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಆಗಾಗ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳ ಸಂಖ್ಯೆ ಬೆಳೆದಾಗ ಅದು ನಡೆಯಲಿಲ್ಲ. ಈಗ ಈ ಕೆಲಸ ಜಗತ್ತಿನಾದ್ಯಂತ ಹಂಚಿಹೋಗಿದೆ. ಸಾಮಾನ್ಯವಾಗಿ ನಿಮಗೆ ನೆಟ್ ಕೊಡುವ ಕಂಪನಿಯ ಡಿಎನ್‌ಎಸ್ ಸರ್ವರನ್ನೇ ರೂಟರ್ ಬಳಸುತ್ತದೆ. ಅದು ಪದೇ ಪದೇ ಕೈಕೊಡುತ್ತಿದ್ದರೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿಕೊಳ್ಳಬಹುದು. ಎರಡೂ ಉಚಿತ.

ಹೆಜ್ಜೆ 3: ಒಳಗಿನ ನಂಬರ್ ಬೇರೆ, ಹೊರಗಿನ ನಂಬರ್ ಬೇರೆ

ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ ನೋಡಿ. ಅಲ್ಲಿ ಬರುವ ನಂಬರ್‌ಗೂ ಫೋನಿನಲ್ಲಿ ಕಂಡ ನಂಬರ್‌ಗೂ ಸಂಬಂಧವೇ ಇರುವುದಿಲ್ಲ. ಮೊದಲ ಸಲ ನೋಡಿದವರಿಗೆ ಇದು ಗೊಂದಲ.

ನಾಲ್ಕು ಅಂಕಿಗಳ ಈ ವಿಳಾಸಗಳಿಗೆ ಐಪಿವಿ4 ಅಂತಾರೆ. ಅವು ಒಟ್ಟು ಇರುವುದೇ ಸುಮಾರು 430 ಕೋಟಿ. ಜಗತ್ತಿನ ಸಾಧನಗಳಿಗೆಲ್ಲ ಸಾಲುವುದಿಲ್ಲ. ಜಗತ್ತಿನ ಮುಖ್ಯ ದಾಸ್ತಾನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಅದಕ್ಕೂ ಎಷ್ಟೋ ಮುಂಚೆಯೇ ಒಂದು ಉಪಾಯ ಮಾಡಿಟ್ಟಿದ್ದರು. 192.168ರಿಂದ ಶುರುವಾಗುವವು, 10ರಿಂದ ಶುರುವಾಗುವವು, ಮತ್ತು 172.16ರಿಂದ 172.31ರವರೆಗಿನವು ಮನೆ ಅಥವಾ ಆಫೀಸಿನ ಒಳಗಷ್ಟೇ ನಡೆಯುತ್ತವೆ. ಹಾಗಾಗಿ ನಿಮ್ಮ ಮನೆಯಲ್ಲಿರುವ 192.168.1.23 ಪಕ್ಕದ ಮನೆಯಲ್ಲೂ ಇರಬಹುದು, ಜಗಳವಿಲ್ಲ. ಹೊರಗೆ ಹೋಗುವಾಗ ಇಡೀ ಮನೆಗೆ ಒಂದೇ ನಂಬರ್. ಯಾರು ಏನು ಕೇಳಿದ್ದರು ಅಂತ ರೂಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಅವರವರಿಗೆ ತಲುಪಿಸುತ್ತದೆ. ಈ ಅದಲು ಬದಲಿಗೆ ನ್ಯಾಟ್ ಅಂತ ಹೆಸರು.

ಒಂದು ಸಂಗತಿ ಇದರಿಂದ ತಾನಾಗಿಯೇ ಹೊರಡುತ್ತದೆ. ಯಾರೂ ಕೇಳದೆ ಹೊರಗಿನಿಂದ ಏನಾದರೂ ಬಂದರೆ ಅದನ್ನು ಯಾರಿಗೆ ಕೊಡಬೇಕು ಅಂತ ರೂಟರ್‌ಗೆ ತಿಳಿಯುವುದಿಲ್ಲ, ಬಿಸಾಕುತ್ತದೆ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಬೇಕಾದರೆ "ಈ ಪೋರ್ಟ್‌ಗೆ ಬಂದದ್ದನ್ನು ಈ ವಿಳಾಸಕ್ಕೆ ಕೊಡು" ಅಂತ ಮೊದಲೇ ಹೇಳಿಡಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್. ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಜಾಗವಲ್ಲ, ಬಂದ ಡೇಟಾ ಯಾವ ಕೆಲಸಕ್ಕೆ ಅಂತ ಗುರುತಿಸುವ ಒಂದು ನಂಬರ್. ಅದನ್ನು ಮಾಡಿದಿರಿ ಅಂದರೆ ಬಾಗಿಲಲ್ಲಿ ಒಂದು ಕಿಂಡಿ ತೆಗೆದ ಹಾಗೆ, ಬೇಕಿಲ್ಲದಿದ್ದರೆ ತೆಗೆಯಬೇಡಿ. ಯುಪಿಎನ್‌ಪಿ ಅಂತ ಇನ್ನೊಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ತಾವೇ ಕಿಂಡಿ ತೆಗೆದುಕೊಳ್ಳಬಹುದು. ನಾನಂತೂ ಅದನ್ನು ಆಫ್ ಮಾಡಿಯೇ ಇಡುತ್ತೇನೆ.

ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಮಾಡಿದರೂ ಕೆಲಸ ಮಾಡುತ್ತಿಲ್ಲವಾ? ರೂಟರ್‌ನ ವ್ಯಾನ್ ವಿಳಾಸ ನೋಡಿ. ಅದು 100.64 ಮತ್ತು 100.127ರ ನಡುವೆ ಇದ್ದರೆ, ನೆಟ್ ಕೊಡುವ ಕಂಪನಿಯೇ ತನ್ನ ಕಡೆ ಇನ್ನೊಂದು ನ್ಯಾಟ್ ಹಾಕಿದೆ. ನಿಮ್ಮ ಬಾಗಿಲಾಚೆ ಇನ್ನೊಂದು ಬಾಗಿಲಿದೆ, ಅದರ ಕೀಲಿ ನಿಮ್ಮ ಕೈಯಲ್ಲಿಲ್ಲ. ಐಪಿವಿ6 ಅನ್ನುವ ಹೊಸ, ತುಂಬಾ ಉದ್ದದ ವಿಳಾಸಗಳಲ್ಲಿ ಈ ಕೊರತೆ ಇಲ್ಲ. ಈಗ ಎರಡೂ ಒಟ್ಟೊಟ್ಟಿಗೆ ನಡೆಯುತ್ತಿವೆ.

ಹೆಜ್ಜೆ 4: ರೂಟರ್‌ನ ಒಳಗೆ ಹೋಗಿ, ಬೀಗ ಬದಲಿಸಿ

ಗೇಟ್‌ವೇ ನಂಬರನ್ನು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಬರೆದು ಎಂಟರ್ ಒತ್ತಿ. ಲಾಗಿನ್ ಪುಟ ಬರುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ರೂಟರ್‌ನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಇದು ವೈ-ಫೈ ಪಾಸ್‌ವರ್ಡ್ ಅಲ್ಲ. ಅದು ಮನೆಯೊಳಗೆ ಬರಲು, ಇದು ಬೀಗವನ್ನೇ ಬದಲಿಸಲು. ಎರಡೂ ಒಂದೇ ಅಂದುಕೊಂಡವರು ತುಂಬಾ ಜನ. ವೈ-ಫೈ ಪಾಸ್‌ವರ್ಡ್ ಬದಲಿಸಿ, ಇದನ್ನು ಮಾತ್ರ ಬಂದ ಹಾಗೇ ಬಿಟ್ಟಿರುತ್ತಾರೆ.

ಬಿಟ್ಟರೆ ಏನಾಗುತ್ತದೆ? 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಅದರ ಹತ್ತಿರ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಇತ್ತು, ಒಂದೊಂದಾಗಿ ಹಾಕಿ ನೋಡುತ್ತಿತ್ತು, ಅಷ್ಟೇ. ಆ ವರ್ಷ ಅಕ್ಟೋಬರ್‌ನಲ್ಲಿ ಆ ಸಾಧನಗಳೆಲ್ಲ ಒಟ್ಟಿಗೆ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟ್‌ಗಳು ಹಲವು ಗಂಟೆ ಸರಿಯಾಗಿ ತೆರೆಯಲಿಲ್ಲ. ಆ ಸೈಟ್‌ಗಳ ಸರ್ವರ್‌ಗಳು ನಡೆಯುತ್ತಲೇ ಇದ್ದವು. ಹೆಸರು ಕೇಳಿದರೆ ನಂಬರ್ ಹೇಳುವವರು ಮಾತ್ರ ಇರಲಿಲ್ಲ. ಯಾರದೋ ಮನೆಯ ಕ್ಯಾಮೆರಾದ ಬದಲಿಸದ ಪಾಸ್‌ವರ್ಡ್ ಅಷ್ಟು ದೂರ ಹೋಯಿತು. ದಯವಿಟ್ಟು ಈ ಪುಟಕ್ಕೆ ಬಂದಾಗ ಮೊದಲ ಕೆಲಸವಾಗಿ ಆ ಪಾಸ್‌ವರ್ಡ್ ಬದಲಿಸಿ.

ಆಮೇಲೆ ವೈರ್‌ಲೆಸ್ ಅನ್ನುವ ಭಾಗ ತೆರೆಯಿರಿ. ಎಸ್‌ಎಸ್‌ಐಡಿ ಅಂದರೆ ನಿಮ್ಮ ವೈ-ಫೈ ಹೆಸರು, ಬೇರೇನೂ ಅಲ್ಲ. ಅದನ್ನು ಬಚ್ಚಿಡುವ ಆಯ್ಕೆ ಇರುತ್ತದೆ. ಅದರಿಂದ ರಕ್ಷಣೆ ಏನೂ ಸಿಗುವುದಿಲ್ಲ. ನಿಮ್ಮ ಫೋನ್ ಕನೆಕ್ಟ್ ಆಗುವಾಗ ಆ ಹೆಸರನ್ನು ಗಾಳಿಯಲ್ಲಿ ಕೂಗಲೇಬೇಕು, ಬೇಕಾದವರು ಕೇಳಿಸಿಕೊಳ್ಳುತ್ತಾರೆ.

ಸೆಕ್ಯುರಿಟಿ ಅನ್ನುವ ಕಡೆ ವೈ-ಫೈಗೆ ಹಾಕುವ ಬೀಗದ ಬಗೆಗಳು ಇರುತ್ತವೆ. ಅವುಗಳಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯೂಪಿಎ2 ಆರಿಸಿ. ಹಳೆಯ ಫೋನ್‌ಗಳು ಇದ್ದರೆ ಎರಡೂ ಸೇರಿದ ಆಯ್ಕೆ ಇಟ್ಟುಕೊಳ್ಳಿ. ಡಬ್ಲ್ಯೂಇಪಿ ಅಂತ ಕಂಡರೆ ಮುಟ್ಟಬೇಡಿ. ಅದನ್ನು ಒಡೆಯುವ ಬಗೆ 2001ರಿಂದಲೇ ಎಲ್ಲರಿಗೂ ಗೊತ್ತು.

ಡಬ್ಲ್ಯೂಪಿಎಸ್ ಅನ್ನುವುದನ್ನೂ ಆಫ್ ಮಾಡಿ. ಹೆಸರು ಹತ್ತಿರ ಹತ್ತಿರ ಇದ್ದರೂ ಇದು ಬೇರೆಯೇ. ಪಾಸ್‌ವರ್ಡ್ ಬರೆಯುವ ಕಷ್ಟ ಬೇಡ ಅಂತ ಬಂದ ಸುಲಭದ ದಾರಿ, ಎಂಟು ಅಂಕಿಯ ಪಿನ್. ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಭದ್ರ ಅನಿಸುತ್ತದೆ ಅಲ್ವಾ? ಆದರೆ ರೂಟರ್ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಅಂತ ಬೇರೆಯಾಗಿಯೇ ಹೇಳಿಬಿಡುತ್ತಿತ್ತು. ಅಲ್ಲಿಗೆ 10,000 ಪ್ರಯತ್ನ. ಉಳಿದ ನಾಲ್ಕರಲ್ಲಿ ಕೊನೆಯದು ಬರೀ ಲೆಕ್ಕ ತಾಳೆ ನೋಡುವ ಅಂಕಿ, ಅಲ್ಲಿಗೆ ಇನ್ನು 1,000. ಹತ್ತು ಕೋಟಿ ಹೋಗಿ 11,000ಕ್ಕೆ ಇಳಿಯಿತು. 2011ರ ಕೊನೆಯಲ್ಲಿ ಇದು ಬಯಲಾಯಿತು.

ಇಲ್ಲೇ ಇದ್ದಾಗ ಗೆಸ್ಟ್ ನೆಟ್‌ವರ್ಕ್ ಒಂದನ್ನು ಆನ್ ಮಾಡಿ. ಬಂದುಹೋಗುವವರಿಗೆ ಅದೇ ಸಾಕು. ಸ್ಮಾರ್ಟ್ ಬಲ್ಬು, ಕ್ಯಾಮೆರಾಗಳನ್ನೂ ಅದಕ್ಕೇ ಹಾಕಿದರೆ ಅವು ನಿಮ್ಮ ಲ್ಯಾಪ್‌ಟಾಪ್ ಕಡೆ ಇಣುಕುವುದಿಲ್ಲ. ಫರ್ಮ್‌ವೇರ್ ಅಂದರೆ ರೂಟರ್ ನಡೆಸುವ ಸಾಫ್ಟ್‌ವೇರ್, ಅಪ್‌ಡೇಟ್ ಇದ್ದರೆ ಹಾಕಿ.

ಮ್ಯಾಕ್ ವಿಳಾಸ ಅನ್ನುವುದೂ ಇಲ್ಲಿ ಕಾಣುತ್ತದೆ. ಸಾಧನ ತಯಾರಾಗುವಾಗಲೇ ಕೊಟ್ಟ ಹನ್ನೆರಡು ಅಕ್ಷರ, ಅಂಕಿಗಳ ಗುರುತು. ಪ್ರಿಂಟರ್‌ಗೆ ಯಾವಾಗಲೂ ಒಂದೇ ಐಪಿ ಸಿಗಲಿ ಅಂತ ಕಾದಿರಿಸುವಾಗ ಈ ಗುರುತು ಬೇಕು. ಈಚಿನ ಫೋನ್‌ಗಳು ಮಾತ್ರ ತಮ್ಮ ನಿಜವಾದ ಮ್ಯಾಕ್ ಮರೆಮಾಚಿ ಪ್ರತಿ ವೈ-ಫೈಗೂ ಒಂದೊಂದು ಹೊಸದನ್ನು ತೋರಿಸುತ್ತವೆ. ಹಾಗಾಗಿ ರೂಟರ್‌ನ ಪಟ್ಟಿಯಲ್ಲಿ ಗುರುತೇ ಇಲ್ಲದ ಸಾಧನ ಕಂಡ ತಕ್ಷಣ ಕಳ್ಳ ಅಂದುಕೊಳ್ಳಬೇಡಿ, ನಿಮ್ಮದೇ ಫೋನ್ ಆಗಿರಬಹುದು.

ಹೆಜ್ಜೆ 5: ಗಾಳಿಯಲ್ಲಿ ಏನು ನಡೆದಿದೆ

ವೈ-ಫೈ ಅಂದರೆ ರೇಡಿಯೋ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬ್ಯಾಂಡ್, ಚಾನಲ್ ಎಲ್ಲ ತಾನಾಗಿ ಅರ್ಥವಾಗುತ್ತದೆ.

ಬ್ಯಾಂಡ್ ಅಂದರೆ ರೇಡಿಯೋ ಅಲೆಗಳ ಒಂದು ಅಗಲವಾದ ರಸ್ತೆ, ಚಾನಲ್ ಅಂದರೆ ಅದರೊಳಗಿನ ಒಂದೊಂದು ಸಾಲು. 2.4 ಗಿಗಾಹರ್ಟ್ಸ್ ಬ್ಯಾಂಡ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಜನಜಂಗುಳಿ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯೂ ಅಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. ರೂಟರ್ ಇರುವ ಕೋಣೆಯಲ್ಲಿ ಮತ್ತು ಪಕ್ಕದ ಕೋಣೆಯಲ್ಲಿ 5, ದೂರದಲ್ಲಿ 2.4. ವೈ-ಫೈ 6ಇ ಮತ್ತು ವೈ-ಫೈ 7 ಸಾಧನಗಳಿಗೆ 6 ಗಿಗಾಹರ್ಟ್ಸ್ ಕೂಡ ಇದೆ. ವೈ-ಫೈ 4, 5, 6 ಅನ್ನುವ ಈ ಸುಲಭದ ಹೆಸರುಗಳು ಬಂದದ್ದು 2018ರಲ್ಲಿ. ಅದಕ್ಕೂ ಮುಂಚೆ 802.11ರ ಮುಂದೆ ಎನ್, ಎಸಿ, ಎಎಕ್ಸ್ ಅಂತ ಅಕ್ಷರ ಸೇರಿಸಿ ಹೇಳುತ್ತಿದ್ದರು.

2.4ರಲ್ಲಿ ಚಾನಲ್ ಆರಿಸುವಾಗ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ. ಕಾರಣ ಹೀಗಿದೆ. ಒಂದು ಚಾನಲ್‌ನಿಂದ ಮುಂದಿನದಕ್ಕೆ 5 ಮೆಗಾಹರ್ಟ್ಸ್ ಅಂತರ ಅಷ್ಟೇ, ಆದರೆ ವೈ-ಫೈ ಹರಡಿಕೊಳ್ಳುವುದು 20 ಮೆಗಾಹರ್ಟ್ಸ್ ಅಗಲಕ್ಕೆ. ಅಂದರೆ 3ನೇ ಚಾನಲ್‌ನಲ್ಲಿ ಕೂತವರು 1ರವರಿಗೂ 6ರವರಿಗೂ ಕಾಲು ಚಾಚಿ ಅಡ್ಡ ಕೂತ ಹಾಗೆ. ಅಕ್ಕಪಕ್ಕದವರೆಲ್ಲ 1, 6ರಲ್ಲೇ ಇದ್ದಾರೆ, 3 ಖಾಲಿ ಕಾಣುತ್ತಿದೆ ಅಂತ ಅಲ್ಲಿಗೆ ಹೋದರೆ ಇನ್ನೂ ಕೆಡುತ್ತದೆ. ಒಂದೇ ಚಾನಲ್‌ನಲ್ಲಿರುವ ಎರಡು ರೂಟರ್‌ಗಳು ಒಂದರ ಮಾತು ಒಂದಕ್ಕೆ ಕೇಳಿಸಿ ಸರದಿಯಲ್ಲಿ ಮಾತಾಡುತ್ತವೆ. ಅರ್ಧಂಬರ್ಧ ಮೇಲೆಬಿದ್ದ ಚಾನಲ್‌ಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲ.

ಚಾನಲ್ ವಿಡ್ತ್ ಅಂದರೆ ಈ ಅಗಲವೇ. 2.4ರಲ್ಲಿ 20ಕ್ಕೇ ಇಡಿ. 5ರಲ್ಲಿ 80 ಚೆನ್ನಾಗಿ ನಡೆಯುತ್ತದೆ. 5ರ ಕೆಲವು ಚಾನಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ರೂಟರ್ ಮಾತಾಡುವ ಮುಂಚೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳಬೇಕು ಅಂತ ನಿಯಮ. ಇದಕ್ಕೆ ಡಿಎಫ್‌ಎಸ್ ಅಂತಾರೆ. ರೂಟರ್ ಆನ್ ಮಾಡಿದ ತಕ್ಷಣ 5ರ ಹೆಸರು ಕಾಣದೆ ಸ್ವಲ್ಪ ಹೊತ್ತಿನ ಮೇಲೆ ಕಂಡರೆ ಇದೇ ಕಾರಣ ಇರಬಹುದು.

ಸಿಗ್ನಲ್ ಗೆರೆಗಳನ್ನು ನಾನು ನಂಬುವುದಿಲ್ಲ. ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ. ನಂಬಬೇಕಾದದ್ದು ಡಿಬಿಎಂ ಅಂಕಿ, ಅಂದರೆ ಸಿಗ್ನಲ್ ಬಲದ ಅಳತೆ. ಆಂಡ್ರಾಯ್ಡ್‌ನಲ್ಲಿ ವೈ-ಫೈ ಅನಲೈಸರ್ ಬಗೆಯ ಉಚಿತ ಆ್ಯಪ್‌ಗಳು ತೋರಿಸುತ್ತವೆ. ಮ್ಯಾಕ್ ಕಂಪ್ಯೂಟರ್‌ನಲ್ಲಿ ಆಪ್ಶನ್ ಕೀ ಒತ್ತಿಕೊಂಡು ಮೇಲಿನ ವೈ-ಫೈ ಗುರುತನ್ನು ಒತ್ತಿದರೆ ಸಿಗುತ್ತದೆ. ಇದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ರೂಟರ್ ಪಕ್ಕದಲ್ಲೇ ನಿಂತರೆ -30 ಆಸುಪಾಸು. ವಿಡಿಯೋ ಕಾಲ್ ತಡೆಯಿಲ್ಲದೆ ನಡೆಯಲು -67 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಒಳ್ಳೆಯದು. -80ಕ್ಕೆ ಹೋದರೆ ಹೆಸರಿಗೆ ಮಾತ್ರ ಕನೆಕ್ಷನ್. ಪ್ರತಿ 10 ಅಂಕಿ ಇಳಿದಾಗ ಸಿಗ್ನಲ್‌ನ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ. -50ಕ್ಕಿಂತ -70 ಸ್ವಲ್ಪ ಕಡಿಮೆ ಅನಿಸಬಹುದು, ಆದರೆ ಅದು ನೂರರಲ್ಲಿ ಒಂದು ಪಾಲು.

ಆ ಅಂಕಿ ನೋಡುತ್ತಾ ಮನೆಯೆಲ್ಲ ಓಡಾಡಿ. ಲೋಹದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಕಾಂಕ್ರೀಟ್ ಗೋಡೆ ಇವುಗಳ ಹಿಂದೆ ಹೋದಾಗ ಅಂಕಿ ಹೇಗೆ ಬೀಳುತ್ತದೆ ನೋಡಿ. ರೂಟರ್ ಅನ್ನು ನೆಲದಿಂದ ಎತ್ತಿ ಮನೆಯ ನಡುಭಾಗದ ಕಪಾಟಿನ ಮೇಲಿಟ್ಟು ಮತ್ತೆ ನೋಡಿ. ಹೊಸ ರೂಟರ್ ಬೇಡ ಅನಿಸಬಹುದು. ಆಂಟೆನಾಗಳ ತುದಿಯನ್ನು ನಿಮ್ಮ ಕಡೆ ತಿರುಗಿಸಬೇಡಿ. ಸಿಗ್ನಲ್ ಹೊರಡುವುದು ಕಡ್ಡಿಯ ಪಕ್ಕಗಳಿಂದ, ತುದಿಯ ದಿಕ್ಕಿನಲ್ಲಿ ತೀರಾ ಕಡಿಮೆ.

ರಿಪೀಟರ್ ಹಾಕುವುದಾದರೆ ಸಿಗ್ನಲ್ ಸತ್ತ ಕೋಣೆಯಲ್ಲಿ ಹಾಕಬೇಡಿ. ಇನ್ನೂ ಸಿಗ್ನಲ್ ಚೆನ್ನಾಗಿರುವ ನಡುದಾರಿಯಲ್ಲಿ ಹಾಕಿ. ಕೇಳಿಸದ ಮಾತನ್ನು ಅದು ಹೇಗೆ ತಾನೇ ಮುಂದೆ ದಾಟಿಸೀತು? ಒಂದೇ ರೇಡಿಯೋ ಇರುವ ರಿಪೀಟರ್ ಕೇಳಿಸಿಕೊಂಡು ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆಶ್ ಅಂದರೆ ಒಂದೇ ಹೆಸರಿನಲ್ಲಿ ಹೊಂದಿಕೊಂಡು ಕೆಲಸ ಮಾಡುವ ಹಲವು ಪೆಟ್ಟಿಗೆಗಳು. ಅವುಗಳ ನಡುವೆ ಕೇಬಲ್ ಎಳೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹೆಜ್ಜೆ 6: ಕೇಬಲನ್ನೂ ಒಮ್ಮೆ ಅನುಮಾನಿಸಿ

ನಮ್ಮ ಮನೆಯ ಪ್ಲಾನ್ 300 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಮಾತ್ರ ಯಾವ ಹೊತ್ತಲ್ಲಿ ಮಾಡಿದರೂ 94. ಬೆಳಿಗ್ಗೆ 94, ರಾತ್ರಿ 94. ಹಲವು ವಾರ ವೈ-ಫೈ ಮೇಲೇ ಅನುಮಾನಪಟ್ಟು ಚಾನಲ್ ಬದಲಿಸುತ್ತಾ ಕೂತಿದ್ದೆ. ಆಮೇಲೆ ಹೊಳೆಯಿತು: ವೈ-ಫೈ ತೊಂದರೆ ಆಗಿದ್ದರೆ ಅಂಕಿ ಹತ್ತಿ ಇಳಿಯಬೇಕಿತ್ತು, ಹೀಗೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. 100 ಎಂಬಿಪಿಎಸ್ ಕೇಬಲ್ ಲಿಂಕ್‌ನಲ್ಲಿ ಅದರ ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 94. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಲಿಂಕ್ 100ಕ್ಕೆ ಇಳಿದು ಕೂತಿದೆ.

ಒಎನ್‌ಟಿಯಿಂದ ರೂಟರ್‌ಗೆ ಬರುವ ಗಿಡ್ಡ ಕೇಬಲ್ ತೆಗೆದು ಕಿಟಕಿ ಹತ್ತಿರ ಹಿಡಿದು ನೋಡಿದೆ. ತುದಿಯ ಪಾರದರ್ಶಕ ಪ್ಲಗ್ಗಿನೊಳಗೆ ಎಂಟು ತಂತಿ ಸಾಲಾಗಿ ಕಾಣುತ್ತವೆ. ಅದರಲ್ಲಿ ಕಂದು ಬಣ್ಣದ್ದು ಒಂದು ಎಳೆ ಹಿಂದಕ್ಕೆ ಸರಿದು, ಮುಂದಿನ ತಾಮ್ರದ ಹಲ್ಲಿಗೆ ತಾಗುತ್ತಲೇ ಇರಲಿಲ್ಲ. 1 ಗಿಗಾಬಿಟ್ ಲಿಂಕ್‌ಗೆ ಎಂಟೂ ತಂತಿ ಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಒಂದು ಕೈಕೊಟ್ಟಾಗ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ನಡೆಸಿಕೊಂಡು ಹೋಗುತ್ತಿದ್ದವು. ಕೇಬಲ್ ಬದಲಿಸಿದೆ, ವೇಗ 300ರ ಹತ್ತಿರ ಬಂತು.

ಕೇಬಲ್ ಮೈಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಕ್ಯಾಟ್ 5ಇ ಆದರೆ 100 ಮೀಟರ್‌ವರೆಗೆ 1 ಗಿಗಾಬಿಟ್, ಮನೆಗೆ ಧಾರಾಳ. ಕ್ಯಾಟ್ 6 ಆದರೆ ಕಡಿಮೆ ದೂರಕ್ಕೆ 10 ಗಿಗಾಬಿಟ್ ಕೂಡ ಹೋಗುತ್ತದೆ. ರೂಟರ್‌ನ ಪೋರ್ಟ್‌ಗಳೇ 100ರವಾಗಿದ್ದರೆ ಮಾತ್ರ ಯಾವ ಕೇಬಲ್ ಹಾಕಿದರೂ ಅಷ್ಟೇ.

ಹೆಜ್ಜೆ 7: ವೇಗ ಅಂದರೆ ಒಂದಲ್ಲ, ಎರಡು

ಪ್ಲಾನ್‌ನಲ್ಲಿ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಾಣುವುದು ಬಹುಮಟ್ಟಿಗೆ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಬಂದರೆ ಯಾರೂ ಮೋಸ ಮಾಡಿಲ್ಲ.

ಇನ್ನೊಂದು ವೇಗ ಲೇಟೆನ್ಸಿ, ಅಂದರೆ ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು. ಅದನ್ನು ಅಳೆಯುವುದು ಪಿಂಗ್, ಮಿಲಿಸೆಕೆಂಡ್ ಲೆಕ್ಕದಲ್ಲಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. 10,000 ಕಿಲೋಮೀಟರ್ ಆಚೆಯ ಸರ್ವರ್‌ಗೆ ಹೋಗಿಬರಲು 100 ಮಿಲಿಸೆಕೆಂಡ್ ಬೇಕೇ ಬೇಕು. ದುಬಾರಿ ಪ್ಲಾನ್ ಹಾಕಿಸಿದರೂ ಅದು ಕಡಿಮೆಯಾಗುವುದಿಲ್ಲ. ಪಿಂಗ್ ಒಂದೇ ಸಮ ಇರದೆ ಹಾರಾಡಿದರೆ ಅದು ಜಿಟರ್, ಕೆಲವು ತುಣುಕುಗಳು ತಲುಪದೇ ಹೋದರೆ ಪ್ಯಾಕೆಟ್ ಲಾಸ್. ವಿಡಿಯೋ ಕಾಲ್‌ನಲ್ಲಿ ದನಿ ತುಂಡು ತುಂಡಾಗುವುದು ಜಾಸ್ತಿ ಈ ಎರಡರಿಂದ.

ಒಂದು ಪರೀಕ್ಷೆ ಮಾಡಿ (ಪಿಂಗ್ ಮಾಡುವ ಬಗೆ ಮುಂದಿನ ಹೆಜ್ಜೆಯಲ್ಲಿದೆ). ಪಿಂಗ್ ನಡೆಯುತ್ತಿರುವಾಗಲೇ ಇನ್ನೊಂದು ಸಾಧನದಿಂದ ದೊಡ್ಡ ವಿಡಿಯೋ ಅಪ್‌ಲೋಡ್ ಶುರು ಮಾಡಿ. 20 ಇದ್ದ ಪಿಂಗ್ 300, 400ಕ್ಕೆ ಜಿಗಿದರೆ, ನಿಮ್ಮ ಡೇಟಾ ಉದ್ದದ ಸಾಲಿನಲ್ಲಿ ಕಾಯುತ್ತಾ ನಿಂತಿದೆ ಅಂತ ಅರ್ಥ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ರೂಟರ್‌ನಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಅನ್ನುವ, ಈ ಸಾಲನ್ನು ನಿಭಾಯಿಸುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ಮತ್ತೆ ಇದೇ ಪರೀಕ್ಷೆ ಮಾಡಿ ನೋಡಿ.

ಹೆಜ್ಜೆ 8: ನೆಟ್ ನಿಂತಾಗ ಒಳಗಿನಿಂದ ಹೊರಕ್ಕೆ ಹುಡುಕಿ

ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್ ತೆರೆಯಿರಿ. ಪಿಂಗ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು ವಿಳಾಸ ಬರೆದು ಎಂಟರ್ ಒತ್ತಬೇಕು. ಫೋನ್‌ಗೂ ಪಿಂಗ್ ಆ್ಯಪ್‌ಗಳು ಸಿಗುತ್ತವೆ.

ಮೊದಲು ಐಪಿ ವಿಳಾಸ ನೋಡಿ. 169.254 ಇದ್ದರೆ ಅಲ್ಲೇ ನಿಲ್ಲಿ, ಡಿಎಚ್‌ಸಿಪಿ ಸರಿಪಡಿಸಿ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ಬರದಿದ್ದರೆ, ಅಥವಾ ಪಿಂಗ್ ನೂರಾರು ಮಿಲಿಸೆಕೆಂಡ್ ಹಾರಾಡುತ್ತಿದ್ದರೆ, ತೊಂದರೆ ಮನೆಯೊಳಗಿನ ವೈ-ಫೈ ಅಥವಾ ಕೇಬಲ್‌ನದು. ಅದೂ ಸರಿ ಇದ್ದರೆ 8.8.8.8ಕ್ಕೆ ಪಿಂಗ್ ಮಾಡಿ. ಅಲ್ಲಿಂದ ಉತ್ತರ ಬಂದು, ಯಾವ ಸೈಟಿನ ಹೆಸರು ಬರೆದರೂ ತೆರೆಯದಿದ್ದರೆ ಕೈಕೊಟ್ಟಿರುವುದು ಡಿಎನ್‌ಎಸ್, ಬದಲಿಸಿ ನೋಡಿ. ಒಂದೇ ಸೈಟ್ ತೆರೆಯದೆ ಉಳಿದದ್ದೆಲ್ಲ ತೆರೆದರೆ ನೀವು ಮಾಡುವಂಥದ್ದು ಏನಿಲ್ಲ.

ಏನೇ ಆದರೂ ಪಿನ್ನು ಚುಚ್ಚಿ ಒತ್ತುವ ಆ ಪುಟ್ಟ ರಿಸೆಟ್ ತೂತಿಗೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸಿ. ರೀಸ್ಟಾರ್ಟ್ ಬೇರೆ, ರಿಸೆಟ್ ಬೇರೆ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ವೈ-ಫೈ ಹೆಸರು, ಪಾಸ್‌ವರ್ಡ್ ಜೊತೆಗೆ ಹೊರಗಿನ ಲೈನ್‌ಗೆ ಲಾಗಿನ್ ಆಗುವ ವಿವರವೂ ಅಳಿಸಿಹೋಗಬಹುದು. ಅವನ್ನೆಲ್ಲ ಮೊದಲೇ ಒಂದು ಕಡೆ ಬರೆದಿಟ್ಟುಕೊಳ್ಳಿ.

ಗೇಟ್‌ವೇ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ಈಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಹೀಗೆ ಹೇಳಿ: "ಕೇಬಲ್ ಹಾಕಿಯೇ ನೋಡಿದ್ದೇನೆ. ಗೇಟ್‌ವೇಗೆ ಪಿಂಗ್ ಹೋಗ್ತಿದೆ, 8.8.8.8ಕ್ಕೆ ಹೋಗ್ತಿಲ್ಲ. ಎಲ್‌ಒಎಸ್ ಲೈಟ್ ಕೆಂಪಾಗಿದೆ. ರೂಟರ್ ಆಗಲೇ ಆಫ್ ಮಾಡಿ ಆನ್ ಮಾಡಿದ್ದಾಯ್ತು. ಲೈನ್ ನೋಡೋಕೆ ಯಾರನ್ನಾದರೂ ಕಳಿಸಿ."